ಬಾತ ಕಿವಿ: ಡಾ. ಗುಡ್ಡನ್ ನೋಡಿದ್ದು, ನೋಡದೆ ಬಿಟ್ಟಿದ್ದು

ಎಲ್ಲರಿಗೂ ನಮಸ್ಕಾರ.

ಗರಡಿಮನೆಗೆ ಹೋಗಿ ಬಂದವರು, ಕುಸ್ತಿ ಅಖಾಡದ ಹತ್ತಿರ ಕೂತು ನೋಡಿದವರು ಈ ಸಭೆಯಲ್ಲಿ ಕೆಲವರಾದರೂ ಇರಬಹುದು. ಹಳೆಯ ಪೈಲ್ವಾನರ ಕಿವಿ ಹೇಗಿರುತ್ತದೆ, ಒಮ್ಮೆ ನೆನಪು ಮಾಡಿಕೊಳ್ಳಿ. ಮೇಲಿನ ಅಂಚು ದಪ್ಪಗಾಗಿ, ಒಳಗಿನ ಮಡಿಕೆಗಳೆಲ್ಲ ಮುಚ್ಚಿಹೋಗಿ, ಹಿಟ್ಟಿನ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದ ಹಾಗೆ ಮುರುಟಿಕೊಂಡಿರುತ್ತದೆ. ಪಟ್ಟು ಹಾಕುವಾಗ, ಬಿಡಿಸಿಕೊಳ್ಳುವಾಗ ಕಿವಿ ಎದುರಾಳಿಯ ತೋಳಿಗೆ, ನೆಲಕ್ಕೆ ಉಜ್ಜಿ ಜಜ್ಜಿಹೋಗುತ್ತದೆ. ಚರ್ಮಕ್ಕೂ ಒಳಗಿನ ಮೃದ್ವಸ್ಥಿಗೂ ನಡುವೆ ರಕ್ತ ತುಂಬಿ ಬಾವು ಬರುತ್ತದೆ. ಆ ರಕ್ತವನ್ನು ಕೂಡಲೇ ಹೊರಗೆ ತೆಗೆಯದಿದ್ದರೆ ಅದು ಗಟ್ಟಿಯಾಗಿ, ಕಿವಿ ಸಾಯುವ ತನಕ ಹಾಗೆಯೇ ಉಳಿಯುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ಮಲ್ಲರ ಪ್ರತಿಮೆಗಳಲ್ಲೂ ಶಿಲ್ಪಿಗಳು ಇಂಥ ಕಿವಿಯನ್ನು ಬಿಡದೆ ಕೆತ್ತಿದ್ದಾರೆ.

ಪೈಲ್ವಾನನಿಗೆ ಆ ಕಿವಿ ಹೆಮ್ಮೆ. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಇದೇ ಕಿವಿ ಧಾರಾಳವಾಗಿ ಕಾಣಿಸುತ್ತಿದ್ದ ಇನ್ನೊಂದು ಜಾಗ ಇತ್ತು. ಅದು ಹುಚ್ಚಾಸ್ಪತ್ರೆ. ಈ ಪದವನ್ನು ನಾವು ಈಗ ಬಳಸುವುದಿಲ್ಲ, ಬಳಸಬಾರದು ಕೂಡ. ಆದರೆ ಆ ಕಾಲದ ಆ ಕಟ್ಟಡಗಳನ್ನು ಬೇರೆ ಹೆಸರಿನಿಂದ ಕರೆದರೆ ಅವು ಹೇಗಿದ್ದವು ಎನ್ನುವುದು ಮರೆತುಹೋಗುತ್ತದೆ. ಅಲ್ಲಿದ್ದವರು ಯಾರೂ ಕುಸ್ತಿ ಆಡುತ್ತಿರಲಿಲ್ಲ. ಆದರೂ ಕಿವಿ ಬಾತುಕೊಳ್ಳುತ್ತಿತ್ತು. ವೈದ್ಯರು ಅದಕ್ಕೊಂದು ವಿವರಣೆ ಹುಡುಕಿಕೊಂಡಿದ್ದರು. ಬುದ್ಧಿ ಕೆಟ್ಟವರಿಗೆ ರಕ್ತವೂ ಕೆಟ್ಟಿರುತ್ತದೆ, ಮೃದ್ವಸ್ಥಿ ಮೆತ್ತಗಾಗಿರುತ್ತದೆ, ಹಾಗಾಗಿ ತಾನಾಗಿಯೇ ರಕ್ತ ಒಸರಿ ಕಿವಿ ಊದುತ್ತದೆ ಎಂದರು. ಅದಕ್ಕೊಂದು ಲ್ಯಾಟಿನ್ ಹೆಸರನ್ನೂ ಇಟ್ಟರು. ಕಿವಿ ಹೀಗೆ ಬಾತರೆ ಆ ರೋಗಿ ಗುಣವಾಗುವ ಆಸೆ ಬಿಡಬೇಕು ಎಂದು ಪಾಠವನ್ನೂ ಹೇಳಿದರು.

1860ರ ದಶಕದ ಮೊದಲ ವರ್ಷಗಳಲ್ಲಿ ದಕ್ಷಿಣ ಜರ್ಮನಿಯ ಬವೇರಿಯಾ ರಾಜ್ಯದ ಒಂದು ಆಸ್ಪತ್ರೆಯ ನಿರ್ದೇಶಕರು ಈ ಕಿವಿಯ ಬಗ್ಗೆ ಸಾಲಾಗಿ ಲೇಖನಗಳನ್ನು ಬರೆದರು. ಅವರು ಹೇಳಿದ್ದು ಇಷ್ಟೇ: ಇದು ರೋಗ ಅಲ್ಲ, ಏಟು. ಬಹುಪಾಲು ಎಡಗಿವಿಯೇ ಯಾಕೆ ಬಾಯುತ್ತದೆ? ಎದುರಿಗೆ ನಿಂತು ಹೊಡೆಯುವವನು ಬಲಗೈಯಲ್ಲಿ ಹೊಡೆಯುತ್ತಾನೆ. ಹೊಡೆಯುವವನು ಯಾರು? ರೋಗಿಯನ್ನು ನೋಡಿಕೊಳ್ಳಲೆಂದು ಸಂಬಳ ಪಡೆಯುವ ಅಟೆಂಡರ್.

ಆ ನಿರ್ದೇಶಕರ ಹೆಸರು ಬರ್ನ್‌ಹಾರ್ಡ್ ಗುಡ್ಡನ್. ಇವತ್ತು ಅವರ ಹೆಸರನ್ನು ಇಂಟರ್ನೆಟ್‌ನಲ್ಲಿ ಹುಡುಕಿದರೆ ನಿಮಗೆ ಮೊದಲು ಸಿಗುವುದು ಒಂದು ಸರೋವರ, ಒಬ್ಬ ದೊರೆ, ಎರಡು ಹೆಣ. 1886ರ ಜೂನ್ ತಿಂಗಳ ಐದಾರು ದಿನಗಳು ಅವರ ಮೂವತ್ತೇಳು ವರ್ಷಗಳ ಕೆಲಸವನ್ನು ನುಂಗಿಹಾಕಿವೆ. ಆ ಐದಾರು ದಿನಗಳಿಗೆ ನಾನೂ ಬರಲೇಬೇಕು, ಬರುತ್ತೇನೆ. ಅದಕ್ಕೆ ಮೊದಲು ಆ ಮೂವತ್ತೇಳು ವರ್ಷಗಳ ಬಗ್ಗೆ ಮಾತಾಡಬೇಕು. ಯಾಕೆಂದರೆ ಅವರ ಲೇಖನವನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಆ ವಿಷಯವನ್ನು ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಆಸ್ಪತ್ರೆಯ ಹೆಸರು ಬೇಡ. ಗಂಡಸರ ವಾರ್ಡಿನಲ್ಲಿ ಬೆಳಗಿನ ರೌಂಡ್ಸ್‌ಗೆ ಹೋದಾಗ ಒಬ್ಬ ರೋಗಿಯ ಎಡಗಿವಿ ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಮುಟ್ಟಿದರೆ ಮೆತ್ತಗೆ, ಬಿಸಿ. ಕೇಳಿದೆ. 'ರಾತ್ರಿ ಬಾತ್‌ರೂಮಲ್ಲಿ ಜಾರಿ ಬಿದ್ದ ಸಾರ್' ಎಂದು ಡ್ಯೂಟಿಯಲ್ಲಿದ್ದವರು ಹೇಳಿದರು. ಕೇಸ್ ಶೀಟಿನಲ್ಲಿ ಅದನ್ನೇ ಬರೆದೆ. ರೋಗಿ ಏನೂ ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಆ ವಾರ ಅವನ ಅಕ್ಕ ನೋಡಲು ಬಂದರು. ಹಳ್ಳಿಯ ಹೆಂಗಸು, ಕೈಯಲ್ಲಿ ಕೋಡುಬಳೆ ಕಟ್ಟಿಕೊಂಡು ಬಂದಿದ್ದ ಬಟ್ಟೆಯ ಗಂಟು. ತಮ್ಮನ ಕಿವಿಯನ್ನು ಸುಮ್ಮನೆ ನೋಡಿದರು. ಆಮೇಲೆ ಅವನ ಅಂಗಿಯ ತೋಳು ಮೇಲಕ್ಕೆ ಸರಿಸಿ ಮೊಣಕೈ ನೋಡಿದರು. ಪಂಚೆ ಸರಿಸಿ ಮಂಡಿ ನೋಡಿದರು. ನನ್ನ ಕಡೆ ತಿರುಗಿ ಕೇಳಿದರು: 'ಡಾಕ್ಟ್ರೇ, ಬಿದ್ದಿದ್ರೆ ಮೊಣಕೈ ತರಚಬೇಕಲ್ವಾ?'

ನಾನು ಏನೋ ಒಂದು ಉತ್ತರ ಕೊಟ್ಟೆ. ಏನು ಕೊಟ್ಟೆ ಎನ್ನುವುದು ನೆನಪಿದೆ, ಹೇಳಲು ನಾಚಿಕೆಯಾಗುತ್ತದೆ. ಎಷ್ಟೋ ವರ್ಷಗಳ ಮೇಲೆ ಗುಡ್ಡನ್ ಅವರ ಕಿವಿಯ ಲೇಖನದ ಬಗ್ಗೆ ಓದುತ್ತಿದ್ದಾಗ ಆ ಅಕ್ಕನ ಮುಖ ಎದುರಿಗೆ ಬಂದು ನಿಂತಿತು. ನಾನು ಓದಿದ ಪುಸ್ತಕಗಳಲ್ಲಿ ಇಲ್ಲದ್ದನ್ನು ಅವರು ಅರ್ಧ ನಿಮಿಷದಲ್ಲಿ ನೋಡಿದ್ದರು. ಗುಡ್ಡನ್ ನೋಡಿದ್ದೂ ಹಾಗೆಯೇ.

ಈಗ ಅವರ ಬದುಕಿಗೆ ಬರೋಣ. 1824ರ ಜೂನ್ 7ರಂದು, ಹಾಲೆಂಡಿನ ಗಡಿಗೆ ಹತ್ತಿರವಿರುವ ಕ್ಲೇವ ಎಂಬ ಊರಿನಲ್ಲಿ ಹುಟ್ಟಿದರು. ಬಾನ್, ಹಾಲೆ, ಬರ್ಲಿನ್‌ಗಳಲ್ಲಿ ವೈದ್ಯಕೀಯ ಓದಿ, 1848ರಲ್ಲಿ ಹಾಲೆಯಲ್ಲಿ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ ಮನುಷ್ಯನ ಕಣ್ಣಿನ ಚಲನೆ. ಕಣ್ಣು ಅವರನ್ನು ಕೊನೆಯವರೆಗೂ ಬಿಡಲಿಲ್ಲ, ಅದನ್ನು ಮುಂದೆ ನೋಡುತ್ತೀರಿ.

1849ರಲ್ಲಿ ಮೊದಲ ಕೆಲಸ. ರೈನ್ ಪ್ರಾಂತದ ಜೀಗ್‌ಬುರ್ಗ್ ಎಂಬಲ್ಲಿ ಬೆಟ್ಟದ ಮೇಲಿನ ಹಳೆಯ ಕ್ರೈಸ್ತ ಮಠವೊಂದನ್ನು 1825ರಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಾಗಿ ಮಾಡಿದ್ದರು. ಅದರ ನಿರ್ದೇಶಕ ಮ್ಯಾಕ್ಸಿಮಿಲಿಯನ್ ಯಾಕೋಬಿ, ಆಗಲೇ ಎಪ್ಪತ್ತು ದಾಟಿದ ಹಿರಿಯರು. ಹುಚ್ಚು ಎನ್ನುವುದು ಪಾಪದ ಫಲವೂ ಅಲ್ಲ, ಆತ್ಮಕ್ಕೆ ಬಂದ ರೋಗವೂ ಅಲ್ಲ, ಅದು ದೇಹದ ರೋಗ ಎಂದು ಹಟ ಹಿಡಿದು ವಾದಿಸಿದ ತಲೆಮಾರಿನವರು ಅವರು. ಜರ್ಮನಿಯಲ್ಲಿ ಆಗ ಈ ಜಗಳ ದೊಡ್ಡದಾಗಿಯೇ ನಡೆದಿತ್ತು.

ಎರಡು ವರ್ಷದ ಮೇಲೆ ಗುಡ್ಡನ್ ಬಾಡೆನ್ ಪ್ರಾಂತದ ಇಲೆನಾವ್‌ಗೆ ಹೋದರು. ಕಾಡಿನಂಚಿನಲ್ಲಿ, ಪಟ್ಟಣದ ಗದ್ದಲದಿಂದ ದೂರ, 1842ರಲ್ಲಿ ಹೊಸದಾಗಿ ಕಟ್ಟಿದ ಆಸ್ಪತ್ರೆ ಅದು. ನಿರ್ದೇಶಕ ಕ್ರಿಸ್ಟಿಯನ್ ರೊಲರ್. ರೋಗಿಯನ್ನು ಮನೆ, ಊರು, ಹಳೆಯ ಸಂಬಂಧಗಳಿಂದ ಬೇರ್ಪಡಿಸಿದರೆ ಮಾತ್ರ ಗುಣವಾಗುತ್ತದೆ ಎಂಬುದು ಅವರ ನಂಬಿಕೆ. ತೋಟ, ಸಂಗೀತ, ನಡಿಗೆ, ಗಂಟೆ ಹೊಡೆದ ಹಾಗೆ ದಿನಚರಿ. ಇಡೀ ಯುರೋಪಿನಿಂದ ಜನ ನೋಡಲು ಬರುತ್ತಿದ್ದರು. ಅಲ್ಲೂ ಅಂಕೆ ಮೀರಿದವರನ್ನು ಕಟ್ಟಿಹಾಕುವ ಪದ್ಧತಿ ಇತ್ತು. ರೋಗಿಯನ್ನು ಕುರ್ಚಿಗೆ ಬಿಗಿಯುವ ಪಟ್ಟಿಗಳು, ಉದ್ದ ತೋಳುಗಳನ್ನು ಬೆನ್ನ ಹಿಂದೆ ಗಂಟು ಹಾಕುವ ಅಂಗಿ, ಇವೆಲ್ಲ ಆಗ ಔಷಧದ ಬೀರುವಿನಷ್ಟೇ ಮಾಮೂಲಿ ಸಾಮಾನು.

1855 ಗುಡ್ಡನ್ ಅವರಿಗೆ ಭರ್ಜರಿ ವರ್ಷ. ಮದುವೆಯಾಯಿತು. ಕಜ್ಜಿಯ ಬಗ್ಗೆ ಒಂದು ಪುಸ್ತಕ ಹೊರಬಂತು. ಕಜ್ಜಿ ಎಂದರೆ ನಾವೆಲ್ಲ ಬಲ್ಲ ಅದೇ ಕಜ್ಜಿ, ಬೆರಳ ಸಂದಿಯಲ್ಲಿ ಬಿಲ ತೋಡುವ ಹುಳು. ಮೆದುಳಿನ ವಿಜ್ಞಾನಿಯಾಗಿ ಹೆಸರು ಮಾಡಲಿದ್ದವರು ಕಜ್ಜಿಯ ಮೇಲೆ ಪುಸ್ತಕ ಬರೆದಿದ್ದು ಯಾಕೆ ಎಂದು ಕೇಳುವವರು ಒಮ್ಮೆ ತುಂಬಿದ ವಾರ್ಡಿನಲ್ಲಿ ಒಂದು ವಾರ ಇದ್ದು ನೋಡಬೇಕು. ಅಲ್ಲಿರುವವರನ್ನು ರಾತ್ರಿಯಿಡೀ ನಿದ್ದೆಗೆಡಿಸುವುದು ಯಾವುದೋ ಅದರ ಬಗ್ಗೆ ಅವರು ಬರೆದರು. ಅದೇ ವರ್ಷ, ಮೂವತ್ತೊಂದನೇ ವಯಸ್ಸಿಗೆ, ವೆರ್ನೆಕ್ ಎಂಬಲ್ಲಿ ಹೊಸದಾಗಿ ಶುರುವಾಗುತ್ತಿದ್ದ ಆಸ್ಪತ್ರೆಗೆ ನಿರ್ದೇಶಕರಾದರು.

ವೆರ್ನೆಕ್‌ನಲ್ಲಿ ಆಸ್ಪತ್ರೆ ಶುರುವಾಗಿದ್ದು ಒಂದು ಅರಮನೆಯಲ್ಲಿ. ವ್ಯುರ್ಟ್ಸ್‌ಬುರ್ಗಿನ ಬಿಷಪ್ಪರು ಬೇಸಿಗೆ ಕಳೆಯಲು ಕಟ್ಟಿಸಿಕೊಂಡಿದ್ದ ಅರಮನೆ. ಬಾಲ್ಟಜಾರ್ ನೊಯ್‌ಮನ್ ಎಂಬ ಆ ಕಾಲದ ಮಹಾ ವಾಸ್ತುಶಿಲ್ಪಿಯ ಕೈಕೆಲಸ. ಸುತ್ತ ವಿಶಾಲವಾದ ಉದ್ಯಾನ. ಬಿಷಪ್ಪರ ಅಧಿಕಾರ ಹೋದ ಮೇಲೆ ಸರ್ಕಾರಕ್ಕೆ ಬಂದ ಆ ಕಟ್ಟಡದಲ್ಲಿ ಬಡ ರೈತರು, ಆಳುಗಳು, ಮನೆಯವರಿಗೆ ಸಾಕಾಗಿಹೋಗಿದ್ದ ಮುದುಕಿಯರು ಬಂದು ವಾಸ ಮಾಡಿದರು. ಇವತ್ತಿಗೂ ಅಲ್ಲಿ ಆಸ್ಪತ್ರೆಯೇ ನಡೆಯುತ್ತಿದೆ. 1940ರಲ್ಲಿ ಅದೇ ಜಾಗದಿಂದ ರೋಗಿಗಳನ್ನು ವಾಹನಗಳಲ್ಲಿ ತುಂಬಿ ನಾಜಿಗಳ ಕೊಲೆಯ ಯೋಜನೆಗೆ ಒಪ್ಪಿಸಿದರು ಎನ್ನುವುದನ್ನು ಹೇಳದೆ ಆ ಅರಮನೆಯ ಅಂದವನ್ನಷ್ಟೇ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಗುಡ್ಡನ್ ಅಲ್ಲಿ ಮಾಡಿದ ಮೊದಲ ದೊಡ್ಡ ಕೆಲಸ ರೋಗಿಗಳ ಕಟ್ಟು ಬಿಚ್ಚಿದ್ದು. ಇಂಗ್ಲೆಂಡಿನ ಹ್ಯಾನ್ವೆಲ್ ಆಸ್ಪತ್ರೆಯಲ್ಲಿ ಜಾನ್ ಕಾನೊಲಿ 1839ರಲ್ಲಿ ಇದನ್ನು ಮಾಡಿ ತೋರಿಸಿದ್ದರು. ಜರ್ಮನಿಯ ವೈದ್ಯರು ನಂಬಿರಲಿಲ್ಲ. ಇಂಗ್ಲಿಷರ ಹುಚ್ಚು ಸೌಮ್ಯವಾದದ್ದು, ನಮ್ಮವರದು ಹಾಗಲ್ಲ ಎನ್ನುವ ಮಟ್ಟಕ್ಕೆ ವಾದ ಹೋಗಿತ್ತು. ಹ್ಯಾಂಬರ್ಗ್‌ನಲ್ಲಿ ಲುಡ್ವಿಗ್ ಮೇಯರ್ ಎಂಬ ವೈದ್ಯರು ಆಸ್ಪತ್ರೆಯ ಕಟ್ಟುವ ಅಂಗಿಗಳನ್ನೆಲ್ಲ ಬಹಿರಂಗ ಹರಾಜಿಗೆ ಹಾಕಿ ಮಾರಿಬಿಟ್ಟರು. ಬೇಕು ಎನಿಸಿದರೂ ಮತ್ತೆ ಕೈಗೆ ಸಿಗಬಾರದು, ಹಾಗೆ. ಆ ಮೊದಲ ತಂಡದಲ್ಲಿ ಗುಡ್ಡನ್ ಕೂಡ ಒಬ್ಬರು.

ಕಟ್ಟು ಬಿಚ್ಚುವುದು ಎಂದರೆ ಹಗ್ಗ ತೆಗೆದು ಮೂಲೆಗೆ ಎಸೆದರೆ ಮುಗಿಯಿತು ಎಂದು ಹೊರಗಿನವರು ತಿಳಿಯುತ್ತಾರೆ. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಅದು ಎಂಥ ಕಷ್ಟ ಎನ್ನುವುದು ಗೊತ್ತು. ಇಪ್ಪತ್ತು ಜನ ಅಶಾಂತ ರೋಗಿಗಳಿಗೆ ರಾತ್ರಿ ಇಬ್ಬರು ಅಟೆಂಡರುಗಳು. ಅವರಿಗೆ ಸಂಬಳ ಕಡಿಮೆ, ತರಬೇತಿ ಇಲ್ಲ, ಊಟ ಅಲ್ಲೇ, ಮಲಗುವುದು ಅಲ್ಲೇ. ಕೈಯಲ್ಲಿದ್ದ ಕಟ್ಟುವ ಅಂಗಿಯನ್ನು ಕಿತ್ತುಕೊಂಡರೆ ಅವರ ಕೈಗೆ ಉಳಿಯುವುದು ಏನು? ಅಂಗೈ. ಗುಡ್ಡನ್ ಇದನ್ನು ಅರ್ಥ ಮಾಡಿಕೊಂಡಿದ್ದರು ಎಂದು ನನ್ನ ಅಭಿಪ್ರಾಯ. ಕಿವಿಯ ಲೇಖನಗಳು ವೆರ್ನೆಕ್‌ನ ಈ ವರ್ಷಗಳಲ್ಲೇ ಬಂದದ್ದು ಕಾಕತಾಳೀಯ ಅಲ್ಲ. ಕಟ್ಟು ಬಿಚ್ಚಿದ ವೈದ್ಯನಿಗೆ ಏಟನ್ನು ಹುಡುಕುವ ಹೊಣೆಯೂ ಬರುತ್ತದೆ.

ಕಿವಿಯಿಂದ ಅವರು ಪಕ್ಕೆಲುಬಿಗೆ ಹೋದರು. ಸತ್ತ ರೋಗಿಗಳ ಶವಪರೀಕ್ಷೆ ಮಾಡುವಾಗ ಪಕ್ಕೆಲುಬು ಮುರಿದಿದ್ದು, ಮುರಿದು ಕೂಡಿಕೊಂಡಿದ್ದು ಕಾಣಿಸುತ್ತಿತ್ತು. ಬದುಕಿದ್ದಾಗಿನ ದಾಖಲೆಯಲ್ಲಿ ಅದರ ಸುದ್ದಿಯೇ ಇಲ್ಲ. ಇಲ್ಲೂ ಹಳೆಯ ವಿವರಣೆ ಸಿದ್ಧವಿತ್ತು: ಬುದ್ಧಿ ಕೆಟ್ಟವರ ಮೂಳೆ ಮೆದು. ಇದಕ್ಕೂ ಅವರು 1870ರಲ್ಲಿ ಒಂದು ಲೇಖನ ಬರೆದು ಉತ್ತರ ಕೊಟ್ಟರು. ರೋಗಿಯನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಮಂಡಿಯೂರಿದರೆ ಯಾರ ಪಕ್ಕೆಲುಬೂ ಮುರಿಯುತ್ತದೆ. ಇದನ್ನು ಬರೆದದ್ದು ಹೊರಗಿನ ಪತ್ರಕರ್ತರಲ್ಲ, ಆಸ್ಪತ್ರೆಯ ನಿರ್ದೇಶಕರು. ತಮ್ಮ ಇಲಾಖೆ, ತಮ್ಮ ಸಹೋದ್ಯೋಗಿಗಳು, ತಮ್ಮ ಕೈಕೆಳಗಿನ ನೌಕರರು ಎಲ್ಲರ ಮುಖಕ್ಕೂ ಅದು ತಾಗುತ್ತದೆ ಎಂದು ಗೊತ್ತಿದ್ದೇ ಬರೆದರು. ನನ್ನ ದೃಷ್ಟಿಯಲ್ಲಿ ಅವರ ಮೆದುಳಿನ ಸಂಶೋಧನೆಗಿಂತ ಇದು ದೊಡ್ಡದು. ವಿಜ್ಞಾನದ ಇತಿಹಾಸಕಾರರು ಒಪ್ಪಲಿಕ್ಕಿಲ್ಲ.

ಆ ಸಂಶೋಧನೆಯನ್ನೂ ಹೇಳಬೇಕು, ಅದು ಅಷ್ಟು ಸರಳ, ಅಷ್ಟು ಜಾಣ. ಕಣ್ಣಿನಿಂದ ಹೊರಟ ನರ ಮೆದುಳಿನೊಳಗೆ ಹೋಗಿ ಎಲ್ಲಿ ಸೇರುತ್ತದೆ? ಮೆದುಳನ್ನು ಕುಯ್ದು ನೋಡಿದರೆ ಬೆಣ್ಣೆಯೊಳಗೆ ದಾರ ಹುಡುಕಿದ ಹಾಗೆ. ಗುಡ್ಡನ್ ಆಗತಾನೆ ಹುಟ್ಟಿದ ಮೊಲದ ಮರಿಯ ಒಂದು ಕಣ್ಣನ್ನು ತೆಗೆದು, ಗಾಯ ಮಾಯಲು ಬಿಟ್ಟು, ಅದು ಬೆಳೆದು ದೊಡ್ಡದಾಗುವ ತನಕ ಕಾದರು. ಕಣ್ಣು ಇಲ್ಲದ ಮೇಲೆ ಅದಕ್ಕೆ ಸೇರಿದ ನರ ಬೆಳೆಯಲಿಲ್ಲ. ಆ ನರ ಸೇರಬೇಕಾದ ಮೆದುಳಿನ ಭಾಗವೂ ಬಡವಾಗಿ ಕುಗ್ಗಿತು. ಎಲ್ಲಿ ಕುಗ್ಗಿದೆಯೋ ಅಲ್ಲಿಗೆ ಆ ದಾರಿ ಹೋಗುತ್ತಿತ್ತು ಎಂದು ಅರ್ಥ. ಒಂದು ಊರಿನ ಕಾಲುವೆಗೆ ನೀರು ನಿಲ್ಲಿಸಿ, ಯಾವ ಯಾವ ಗದ್ದೆ ಒಣಗುತ್ತದೆ ಎಂದು ನೋಡಿ ಕಾಲುವೆಯ ನಕ್ಷೆ ಬರೆದ ಹಾಗೆ. ಮೊಲದ ಮರಿಗೆ ಇದು ಕ್ರೂರವೇ. ಆ ಕಾಲದಲ್ಲಿ ಆ ಪ್ರಶ್ನೆ ಕೇಳಿದವರು ಕಡಿಮೆ. ಈ ವಿಧಾನಕ್ಕೆ ಇಂದಿಗೂ ಅವರದೇ ಹೆಸರು. ಮೆದುಳಿನ ಕೆಲವು ಭಾಗಗಳಿಗೂ ಅವರ ಹೆಸರಿದೆ. ಮೊದಲು ರಚನೆ, ಆಮೇಲೆ ಕ್ರಿಯೆ ಎಂದು ಅವರು ಶಿಷ್ಯರಿಗೆ ಹೇಳುತ್ತಿದ್ದರು. ಕಣ್ಣಿಗೆ ಖಚಿತವಾಗಿ ಕಂಡ ಒಂದು ಸಂಗತಿಯ ಮುಂದೆ ಎಂಥ ಚಂದದ ಸಿದ್ಧಾಂತವೂ ನಿಲ್ಲುವುದಿಲ್ಲ ಎನ್ನುವುದು ಅವರ ಗಟ್ಟಿ ನಿಲುವು.

1869ರಲ್ಲಿ ಸ್ವಿಟ್ಜರ್ಲೆಂಡಿನಿಂದ ಕರೆ ಬಂತು. ಜ್ಯೂರಿಕ್‌ನಲ್ಲಿ ಬುರ್ಗ್‌ಹೋಲ್ಟ್ಸ್‌ಲಿ ಎಂಬ ಹೊಸ ಆಸ್ಪತ್ರೆ 1870ರಲ್ಲಿ ಬಾಗಿಲು ತೆರೆಯಿತು, ಅದರ ಮೊದಲ ನಿರ್ದೇಶಕ ಗುಡ್ಡನ್. ಮುಂದೆ ಅದೇ ಕುರ್ಚಿಯಲ್ಲಿ ಆಗುಸ್ತ್ ಫೊರೆಲ್, ಆಮೇಲೆ ಯೂಗೆನ್ ಬ್ಲಾಯ್ಲರ್ ಕೂತರು. ಸ್ಕಿಜೋಫ್ರೇನಿಯಾ ಎಂಬ ಪದ ಬ್ಲಾಯ್ಲರ್ ಅವರದು. ಹೆಸರಾಂತ ಮನೋವಿಜ್ಞಾನಿ ಕಾರ್ಲ್ ಯೂಂಗ್ ಕೂಡ ಅಲ್ಲಿಯೇ ಕೆಲಸ ಕಲಿತರು. ಗುಡ್ಡನ್ ಮಾತ್ರ ಅಲ್ಲಿ ಮೂರು ವರ್ಷವೂ ನಿಲ್ಲಲಿಲ್ಲ. ಆಡಳಿತ ನೋಡಿಕೊಳ್ಳುವವರ ಜತೆ ಹೊಂದಿಕೆಯಾಗಲಿಲ್ಲ. ಆಸ್ಪತ್ರೆ ನಡೆಸಿದ ವೈದ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1872ರ ಕೊನೆಗೆ ಮ್ಯೂನಿಕ್. ಮೇಲಿನ ಬವೇರಿಯಾ ಜಿಲ್ಲೆಯ ಆಸ್ಪತ್ರೆಯ ನಿರ್ದೇಶಕ, ಜತೆಗೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. 1875ರಲ್ಲಿ ಬವೇರಿಯಾದ ಅರಸೊತ್ತಿಗೆ ಅವರಿಗೆ ಬಿರುದು ಕೊಟ್ಟಿತು, ಹೆಸರಿಗೆ ಕುಲೀನರ ಗುರುತಾದ 'ಫಾನ್' ಸೇರಿತು. ಆ ದಿನಗಳಲ್ಲಿ ಅವರ ಪ್ರಯೋಗಾಲಯಕ್ಕೆ ಬಂದವರ ಹೆಸರು ಕೇಳಿ. ಫೊರೆಲ್ ಬಂದರು. ಇಬ್ಬರೂ ಸೇರಿ, ಇಡೀ ಮನುಷ್ಯನ ಮೆದುಳನ್ನು ತೆಳ್ಳಗಿನ ಹಾಳೆಗಳಾಗಿ ಸೀಳುವ ಯಂತ್ರವನ್ನು ಸುಧಾರಿಸಿದರು. ಎಮಿಲ್ ಕ್ರೆಪಲಿನ್ ಬಂದರು, 1878ರಲ್ಲಿ. ಮಾನಸಿಕ ರೋಗಗಳನ್ನು ಇಂದು ನಾವು ವಿಂಗಡಿಸುವ ಕ್ರಮಕ್ಕೆ ಅಡಿಪಾಯ ಹಾಕಿದ ಮಹನೀಯರು ಅವರೇ. ಫ್ರಾನ್ಜ್ ನಿಸ್ಲ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಮೆದುಳಿನ ಕೋಶಗಳಿಗೆ ಬಣ್ಣ ಹಾಕಿ ತೋರಿಸುವ ಹೊಸ ವಿಧಾನದ ಮೇಲೆ 1884ರಲ್ಲಿ ಸ್ಪರ್ಧೆಗೆ ಪ್ರಬಂಧ ಬರೆದು ಬಹುಮಾನ ಗೆದ್ದರು. ಗುಡ್ಡನ್ ಅವರನ್ನು ಕರೆದು ಕೆಲಸ ಕೊಟ್ಟರು. ಆ ಬಣ್ಣ ಇಂದಿಗೂ ಪ್ರಯೋಗಾಲಯಗಳಲ್ಲಿ ನಿಸ್ಲ್ ಹೆಸರಿನಲ್ಲೇ ಬಳಕೆಯಲ್ಲಿದೆ.

ಇಷ್ಟಾದರೂ ಕ್ರೆಪಲಿನ್‌ಗೆ ಗುರುವಿನ ಬಗ್ಗೆ ಒಂದು ಅಸಮಾಧಾನ ಇತ್ತು. ರೋಗಕ್ಕೆ ಹೆಸರಿಡುವುದರಲ್ಲಿ ಗುಡ್ಡನ್ ಅವರಿಗೆ ಆಸಕ್ತಿಯೇ ಇರಲಿಲ್ಲ. ಮನಸ್ಸಿನ ಕಾಯಿಲೆಗಳನ್ನು ಇದು ಇಂಥದ್ದು, ಅದು ಅಂಥದ್ದು ಎಂದು ಗೆರೆ ಎಳೆದು ಬೇರೆ ಮಾಡುವಷ್ಟು ನಮಗೆ ಇನ್ನೂ ತಿಳಿದಿಲ್ಲ ಎನ್ನುವ ಸಂಶಯ ಅವರಿಗೆ. ಮೊಲದ ಮೆದುಳಿನ ಮೇಲೆ ಖಡಾಖಂಡಿತವಾಗಿ ಮಾತಾಡುತ್ತಿದ್ದವರು ರೋಗಿಯ ಮನಸ್ಸಿನ ವಿಷಯ ಬಂದಾಗ ಹಿಂದೆ ಸರಿಯುತ್ತಿದ್ದರು. ಚುರುಕಿನ ಯುವಕ ಕ್ರೆಪಲಿನ್‌ಗೆ ಇದು ಕೊರತೆಯಾಗಿ ಕಂಡಿತು. ನನಗೆ ಇದು ಗುಡ್ಡನ್ ಅವರ ಪ್ರಾಮಾಣಿಕತೆಯಾಗಿ ಕಾಣುತ್ತದೆ. ಅದಕ್ಕೇ ಮುಂದಿನ ಭಾಗ ಹೇಳಲು ನನಗೆ ಸಂಕಟ.

ಬವೇರಿಯಾದ ದೊರೆ ಎರಡನೇ ಲುಡ್ವಿಗ್. 1864ರಲ್ಲಿ ಹದಿನೆಂಟನೇ ವಯಸ್ಸಿಗೆ ಪಟ್ಟಕ್ಕೆ ಬಂದವನು. ಕ್ಯಾಲೆಂಡರುಗಳಲ್ಲಿ, ಪ್ರವಾಸದ ಜಾಹೀರಾತುಗಳಲ್ಲಿ ಬೆಟ್ಟದ ತುದಿಯ ಬಿಳಿಯ ಕೋಟೆ ನೋಡಿರುತ್ತೀರಲ್ಲ, ನೋಯ್‌ಶ್ವಾನ್‌ಸ್ಟೈನ್, ಅದನ್ನು ಕಟ್ಟಿಸಿದವನು. ಅದರ ಜತೆ ಇನ್ನೆರಡು ಅರಮನೆ ಬೇರೆ. 1886ರ ಹೊತ್ತಿಗೆ ಸಾಲ ಸುಮಾರು 1 ಕೋಟಿ 40 ಲಕ್ಷ ಮಾರ್ಕ್. ಹಗಲು ನಿದ್ದೆ, ರಾತ್ರಿ ಎಚ್ಚರ. ಮಂತ್ರಿಗಳಿಗೆ ದರ್ಶನ ಇಲ್ಲ. ಒಬ್ಬ ಸೇವಕನ ಮುಖ ನೋಡಲು ಇಷ್ಟವಿಲ್ಲ ಎಂದು ಅವನಿಗೆ ಮುಖವಾಡ ಹಾಕಿಸಿದ್ದ. ಅವನ ತಮ್ಮ ಒಟ್ಟೋಗೆ 1870ರ ದಶಕದಿಂದಲೇ ತೀವ್ರವಾದ ಮಾನಸಿಕ ರೋಗ. ಒಟ್ಟೋನನ್ನು ನೋಡಿಕೊಳ್ಳುತ್ತಿದ್ದವರು ಇದೇ ಗುಡ್ಡನ್.

ಪ್ರಧಾನಿ ಲೂಟ್ಸ್ ಮತ್ತು ಅವರ ಸಂಪುಟಕ್ಕೆ ದೊರೆಯನ್ನು ಇಳಿಸಬೇಕಿತ್ತು. ದೊರೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆಡಳಿತ ನಡೆಸಲಾರ ಎಂದು ಸಾಬೀತಾದರೆ ಮಾತ್ರ ಸಂವಿಧಾನದಂತೆ ಬೇರೊಬ್ಬರನ್ನು ಅವನ ಪರವಾಗಿ ಕೂರಿಸಬಹುದು. ಸಾಬೀತು ಮಾಡಬೇಕಾದವರು ವೈದ್ಯರು. 1886ರ ಜೂನ್ 8ರಂದು ನಾಲ್ವರು ಸಹಿ ಹಾಕಿದ ವರದಿ ಸಿದ್ಧವಾಯಿತು. ಮೊದಲ ಸಹಿ ಗುಡ್ಡನ್ ಅವರದು. ಉಳಿದ ಮೂವರಲ್ಲಿ ಒಬ್ಬರು ಎರ್ಲಾಂಗೆನ್‌ನ ಹಾಗೆನ್. ಇನ್ನೊಬ್ಬರು ವೆರ್ನೆಕ್‌ನ ನಿರ್ದೇಶಕ ಹ್ಯೂಬ್ರಿಷ್, ಅಂದರೆ ಗುಡ್ಡನ್ ಅವರ ಹಳೆಯ ಕುರ್ಚಿಯಲ್ಲಿ ಕೂತಿದ್ದವರು. ಮತ್ತೊಬ್ಬರು ಗ್ರಾಷೈ, ಗುಡ್ಡನ್ ಅವರ ಸ್ವಂತ ಅಳಿಯ. ನಾಲ್ವರೂ ಒಮ್ಮತದಿಂದ ಬರೆದರು: ದೊರೆಗೆ ಪ್ಯಾರನೋಯಾ, ಅಂದರೆ ಇಲ್ಲದ್ದನ್ನು ಇದೆ ಎಂದು ಬಲವಾಗಿ ನಂಬುವ ಭ್ರಮೆಯ ರೋಗ, ಅದು ತುಂಬಾ ಮುಂದುವರಿದಿದೆ, ಗುಣವಾಗುವುದಿಲ್ಲ, ಬದುಕಿರುವ ತನಕ ಆಳಲಾರ.

ನಾಲ್ವರಲ್ಲಿ ಯಾರೂ ದೊರೆಯನ್ನು ಪರೀಕ್ಷಿಸಿರಲಿಲ್ಲ.

ಸೇವಕರು, ಲಾಯದವರು, ಅರಮನೆಯ ನೌಕರರು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗಳು ಅವರ ಮುಂದಿದ್ದವು. ಆ ಹೇಳಿಕೆಗಳನ್ನು ಕಲೆಹಾಕುವುದರಲ್ಲಿ ದೊರೆಯನ್ನು ಇಳಿಸಬೇಕೆಂದಿದ್ದವರ ಕೈ ಇತ್ತು. ಗುಡ್ಡನ್ ಪರವಾಗಿಯೂ ಮಾತು ಹೇಳಬೇಕು. ಪಟ್ಟದಲ್ಲಿರುವ ದೊರೆಯ ಮುಂದೆ ಕುರ್ಚಿ ಎಳೆದು ಕೂತು ಪ್ರಶ್ನೆ ಕೇಳುವುದು ಆ ಕಾಲದಲ್ಲಿ ಆಗುವ ಮಾತಲ್ಲ. ಒಟ್ಟೋನನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ್ದರಿಂದ ಅಣ್ಣನಲ್ಲೂ ಅದೇ ದಾರಿ ಕಂಡಿರಬಹುದು. ಲುಡ್ವಿಗ್‌ಗೆ ನಿಜವಾಗಿಯೂ ಕಾಯಿಲೆ ಇತ್ತೇ ಎಂಬ ಬಗ್ಗೆ ಇವತ್ತಿನ ಮನೋವೈದ್ಯರಲ್ಲೇ ಎರಡು ಗುಂಪಿದೆ. ನಾನು ಯಾವ ಗುಂಪಿಗೂ ಸೇರುವುದಿಲ್ಲ. ಸೇರಬೇಕಾದರೆ ನಾನೂ ರೋಗಿಯನ್ನು ನೋಡದೆ ರೋಗ ಹೇಳಿದ ಹಾಗಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ 1973ರಿಂದ ಇದನ್ನು ನಿಯಮವಾಗಿಯೇ ಇಟ್ಟುಕೊಂಡಿದೆ: ತಾನು ಪರೀಕ್ಷಿಸದ ಸಾರ್ವಜನಿಕ ವ್ಯಕ್ತಿಯ ಮನಸ್ಸಿನ ಬಗ್ಗೆ ವೈದ್ಯ ಅಭಿಪ್ರಾಯ ಕೊಡಬಾರದು.

ನನ್ನನ್ನು ಕಾಡುವುದು ಬೇರೆ. ಕಿವಿ ಬಾತಿದೆ, ಎಲ್ಲರೂ ಹೀಗೆ ಹೇಳುತ್ತಾರೆ, ದಾಖಲೆಯಲ್ಲೂ ಹೀಗೇ ಇದೆ ಎಂದಾಗ, ಇರಲಿ, ನಾನು ಆ ಕಿವಿಯನ್ನೇ ನೋಡುತ್ತೇನೆ ಎಂದವರು ಗುಡ್ಡನ್. ವಾರ್ಡಿನ ನೌಕರರ ಮಾತನ್ನು ರೋಗಿಯ ಮೈಯ ಜತೆ ಹೋಲಿಸಿ ನೋಡದೆ ನಂಬಬಾರದು ಎಂದು ತೋರಿಸಿಕೊಟ್ಟವರು ಅವರು. ಅರುವತ್ತೆರಡನೇ ವಯಸ್ಸಿನಲ್ಲಿ, ಇಡೀ ರಾಜ್ಯ ನೋಡುತ್ತಿರುವಾಗ, ನೌಕರರ ಮಾತಿನ ಕಟ್ಟನ್ನು ಮುಂದಿಟ್ಟುಕೊಂಡು ಸಹಿ ಹಾಕಿದರು. ಹೆಸರಿಡಲು ಹಿಂಜರಿಯುತ್ತಿದ್ದವರು ಈ ಸಲ ರೋಗದ ಹೆಸರು, ಅದರ ಹಂತ, ಭವಿಷ್ಯ ಎಲ್ಲವನ್ನೂ ಬರೆದುಕೊಟ್ಟರು.

ಮೊದಲ ಪ್ರಯತ್ನ ಕೆಟ್ಟುಹೋಯಿತು. ಜೂನ್ 10ರ ನಸುಕಿನಲ್ಲಿ ನೋಯ್‌ಶ್ವಾನ್‌ಸ್ಟೈನ್‌ಗೆ ಹೋದ ಆಯೋಗದವರನ್ನು ದೊರೆಗೆ ನಿಷ್ಠರಾಗಿದ್ದ ಪೊಲೀಸರು ಒಳಗೆ ಬಿಡಲಿಲ್ಲ. ಆಮೇಲೆ ದೊರೆಯ ಅಪ್ಪಣೆಯಂತೆ ಕೆಲವು ಗಂಟೆ ಕೂಡಿಹಾಕಿದರು. ಅದೇ ದಿನ ಮ್ಯೂನಿಕ್‌ನಲ್ಲಿ ದೊರೆಯ ಚಿಕ್ಕಪ್ಪ ಲುಯಿಟ್‌ಪೋಲ್ಡ್ ಅಧಿಕಾರ ವಹಿಸಿಕೊಂಡಿದ್ದಾಯಿತು. ಜೂನ್ 12ರ ನಸುಕಿನಲ್ಲಿ ಗುಡ್ಡನ್ ಅಟೆಂಡರುಗಳೊಂದಿಗೆ ಮತ್ತೆ ಹೋಗಿ, ಗೋಪುರದ ಮೆಟ್ಟಿಲ ಹತ್ತಿರ ದೊರೆಯನ್ನು ಹಿಡಿದರು. ಆಗ ದೊರೆ ಕೇಳಿದ್ದನ್ನು ಜತೆಯಲ್ಲಿದ್ದ ಕಿರಿಯ ವೈದ್ಯ ಮ್ಯುಲರ್ ದಾಖಲಿಸಿದ್ದಾರೆ. ನೀವು ನನ್ನನ್ನು ಪರೀಕ್ಷಿಸಿಯೇ ಇಲ್ಲವಲ್ಲ, ನನಗೆ ಹುಚ್ಚು ಎಂದು ಹೇಗೆ ಹೇಳುತ್ತೀರಿ ಎಂಬುದು ಅವನ ಪ್ರಶ್ನೆ. ಅದರ ಅಗತ್ಯ ಬೀಳಲಿಲ್ಲ, ದಾಖಲೆಗಳೇ ಬೇಕಾದಷ್ಟಿದ್ದವು ಎಂಬ ಅರ್ಥದ ಉತ್ತರ ಗುಡ್ಡನ್ ಕೊಟ್ಟರು.

ಇದನ್ನು ಓದುವಾಗಲೆಲ್ಲ ನನಗೆ ಆ ಅಕ್ಕ, ಅವರು ಸರಿಸಿದ ಅಂಗಿಯ ತೋಳು ನೆನಪಾಗುತ್ತದೆ. ನಾನೂ ಅವರಿಗೆ ಕೊಟ್ಟಿದ್ದು ಇದೇ ಉತ್ತರ. 'ಎಲ್ಲ ಶೀಟಲ್ಲಿ ಬರೆದಿದೆಯಮ್ಮ' ಎಂದಿದ್ದೆ.

ದೊರೆಯನ್ನು ಗಾಡಿಯಲ್ಲಿ ಸ್ಟಾರ್ನ್‌ಬರ್ಗ್ ಸರೋವರದ ದಂಡೆಯ ಬೆರ್ಗ್ ಅರಮನೆಗೆ ಕರೆತಂದರು. ಅವನಿದ್ದ ಕೋಣೆಯ ಬಾಗಿಲುಗಳಿಗೆ ಇಣುಕುಗಿಂಡಿ ಕೊರೆದಿದ್ದರು, ಒಳಗಡೆಯ ಹಿಡಿಕೆ ಕಿತ್ತಿದ್ದರು. ಮರುದಿನ ಜೂನ್ 13, ಭಾನುವಾರ, ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬ. ಬೆಳಿಗ್ಗೆ ದೊರೆ ಮತ್ತು ಗುಡ್ಡನ್ ಸರೋವರದ ದಂಡೆಯಲ್ಲಿ ತಿರುಗಾಡಿ ಬಂದರು, ಅಟೆಂಡರುಗಳು ಸ್ವಲ್ಪ ದೂರದಲ್ಲಿ ಹಿಂಬಾಲಿಸಿದ್ದರು. ದೊರೆ ಶಾಂತನಾಗಿದ್ದ. ಎಲ್ಲ ಚೆನ್ನಾಗಿ ನಡೆದಿದೆ ಎಂದು ಗುಡ್ಡನ್ ಮ್ಯೂನಿಕ್‌ಗೆ ತಂತಿ ಕಳಿಸಿದರು. ಸಂಜೆ ಆರೂವರೆ ದಾಟಿದ ಮೇಲೆ ಇಬ್ಬರೂ ಮತ್ತೆ ಹೊರಟರು. ಮಳೆಯ ಮೋಡ, ಕೈಯಲ್ಲಿ ಕೊಡೆ. ಈ ಸಲ ಅಟೆಂಡರುಗಳು ಬರುವುದು ಬೇಡ ಎಂದರು ಗುಡ್ಡನ್. ಎಂಟು ಗಂಟೆಗೆ ವಾಪಸು ಬರುತ್ತೇವೆ ಎಂದು ಹೇಳಿ ಹೋದರು.

ಯಾಕೆ ಬೇಡ ಎಂದರು? ಮೈಮರೆವು ಎಂದು ಬರೆದವರಿದ್ದಾರೆ, ಅಹಂಕಾರ ಎಂದವರೂ ಇದ್ದಾರೆ. ವೆರ್ನೆಕ್‌ನಲ್ಲಿ ಕಟ್ಟು ಬಿಚ್ಚಿದ ದಿನದಿಂದ ರೋಗಿಯನ್ನು ನಂಬುವುದೇ ಅವರ ವೃತ್ತಿಯಾಗಿತ್ತು. ಮೂವತ್ತು ವರ್ಷ ಅಶಾಂತ ರೋಗಿಗಳ ನಡುವೆ ಬರಿಗೈಯಲ್ಲಿ ಓಡಾಡಿದ ವೈದ್ಯ, ಒಬ್ಬ ರೋಗಿಯ ಹಿಂದೆ ಇಬ್ಬರು ಕಾವಲುಗಾರರನ್ನು ನಡೆಸುವುದು ಅವಮಾನ ಎಂದುಕೊಂಡಿರಬೇಕು. ನಾನು ಹಾಗೆ ತಿಳಿದಿದ್ದೇನೆ. ನೋಡದೆ ರೋಗ ಹೇಳಿದ ಗುಡ್ಡನ್, ಮತ್ತು ಕಾವಲಿಲ್ಲದೆ ರೋಗಿಯ ಜತೆ ನಡೆದ ಗುಡ್ಡನ್, ಇಬ್ಬರೂ ಆ ಸಂಜೆ ಒಂದೇ ಕೊಡೆ ಹಿಡಿದು ಹೋದರು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ, ಎದುರಿಗೇ ಇರುವ ಅಪಾಯವನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ರೋಗಿಯನ್ನು ಹಿಡಿದಿಡಬಹುದು ಎನ್ನುತ್ತದೆ. ಆ ಸಾಲುಗಳನ್ನು ಓದಿದಾಗ ನನಗೆ ನೆನಪಾಗುವುದು ಎರಡನೇ ಗುಡ್ಡನ್.

ಎಂಟು ಗಂಟೆಯಾಯಿತು, ಬರಲಿಲ್ಲ. ಮಳೆ ಹೊಡೆಯತೊಡಗಿತು. ಲಾಂದ್ರ ಹಿಡಿದು ಉದ್ಯಾನವನ್ನೆಲ್ಲ ಜಾಲಾಡಿದರು. ರಾತ್ರಿ ಹತ್ತು ದಾಟಿದ ಮೇಲೆ ದಂಡೆಯ ಹತ್ತಿರ ದೊರೆಯ ಕೋಟು, ಕೊಡೆ ಸಿಕ್ಕವು. ಹನ್ನೊಂದರ ಸುಮಾರಿಗೆ ದಂಡೆಗೆ ಹತ್ತಿರದಲ್ಲೇ, ನಿಂತರೆ ಮುಳುಗದಷ್ಟು ಆಳದ ನೀರಿನಲ್ಲಿ ಇಬ್ಬರ ದೇಹವೂ ತೇಲುತ್ತಿದ್ದವು. ದೊರೆಯ ಗಡಿಯಾರ 6 ಗಂಟೆ 54 ನಿಮಿಷಕ್ಕೆ ನಿಂತಿತ್ತು. ಮ್ಯುಲರ್ ಇಬ್ಬರಿಗೂ ಉಸಿರು ಮರಳಿಸಲು ತುಂಬಾ ಹೊತ್ತು ಪ್ರಯತ್ನಿಸಿದರು.

ದೊರೆ ಓಡಿಹೋಗಲು ನೋಡಿದನೇ, ಸಾಯಲು ನೋಡಿದನೇ, ಗುಡ್ಡನ್ ತಡೆಯಲು ಹೋಗಿ ಸತ್ತರೇ, ಬೇರೆ ಯಾರಾದರೂ ಇದ್ದರೇ ಎಂದು ಆ ರಾತ್ರಿಯಿಂದ ಇವತ್ತಿನವರೆಗೆ ಜನ ಬರೆಯುತ್ತಲೇ ಇದ್ದಾರೆ. ದೊರೆ ನಲವತ್ತರ ಪ್ರಾಯದವನು, ಆರಡಿಗೂ ಮೇಲೆ ಎತ್ತರ. ಗುಡ್ಡನ್ ಅವರ ಮೈಮೇಲೆ ಗುರುತುಗಳಿದ್ದವು. ಹಣೆಯ ಮೇಲೆ, ಮೂಗಿನ ಮೇಲೆ ಗೀರು. ಕಣ್ಣಿನ ಮೇಲೆ ನೀಲಿಗಟ್ಟಿದ ಬಾವು. ಒಂದು ಬೆರಳಿನ ಉಗುರು ಅರ್ಧ ಕಿತ್ತುಬಂದಿತ್ತು. ಅವರನ್ನು ಮ್ಯೂನಿಕ್‌ನ ಪೂರ್ವದ ಸ್ಮಶಾನದಲ್ಲಿ ಮಣ್ಣು ಮಾಡಿದರು. ಸರೋವರದಲ್ಲಿ ದೊರೆಯ ಹೆಸರಿಗೆ ಶಿಲುಬೆ ನಿಲ್ಲಿಸಿದ್ದಾರೆ, ದಂಡೆಯಲ್ಲಿ ಪ್ರಾರ್ಥನಾಲಯ ಕಟ್ಟಿದ್ದಾರೆ. ಪ್ರತಿ ಜೂನ್ ತಿಂಗಳು ಜನ ಅಲ್ಲಿ ಸೇರುತ್ತಾರೆ.

ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ನರ್ಸಿಂಗ್ ಓದುತ್ತಿರುವವಳು. ಅವಳು ದೊರೆಯ ಬಗ್ಗೆ ಕೇಳಲಿಲ್ಲ. 'ಸಾರ್, ಆ ಕಿವಿ ಬಾತಿದ್ದ ಪೇಷೆಂಟು ಆಮೇಲೆ ಏನಾದ್ರು?' ಎಂದು ಕೇಳಿದಳು. ಎರಡು ತಿಂಗಳ ಮೇಲೆ ಅವನ ಅಕ್ಕ ಬಂದು ಅವನನ್ನು ಬಿಡಿಸಿಕೊಂಡು ಹೋದರು. ಡಿಸ್ಚಾರ್ಜ್ ಹಾಳೆಗೆ ಹೆಬ್ಬೆಟ್ಟು ಒತ್ತುವ ಮೊದಲು ಅವನ ತಲೆಯ ಮೇಲಿನ ಟವೆಲ್ಲನ್ನು ಎಡಗಡೆಗೆ ಜಗ್ಗಿ, ಕಿವಿ ಮುಚ್ಚುವ ಹಾಗೆ ಕಟ್ಟಿದರು.